ಎಲುಬು ಕಟ್ಟುವವನ ಹೆಂಡತಿ

ಎಲುಬು ಕಟ್ಟುವುದರಲ್ಲಿ ಕನ್ನೊಳ್ಳಿಯ ಸೋಮನಿಂಗ ಎತ್ತಿದ ಕೈ. ಮೂವತ್ತು ವರ್ಷ ಊರವರ ಕೈಕಾಲಿಗೆ ಬಿದಿರು ದಬ್ಬೆ ಕಟ್ಟಿದವನು, ತೊಂಬತ್ತೇಳರ ಬೇಸಿಗೆಯಲ್ಲಿ ಸಿಂದಗಿಯ ದವಾಖಾನೆಯೊಂದರಲ್ಲಿ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದ. ಗುರುತು ಹಿಡಿಯದೆ ಬಿಡುತ್ತಾರೆಯೇ? ಎಂದೋ ಅವನಿಂದ ಮೊಣಕೈ ಕಟ್ಟಿಸಿಕೊಂಡಿದ್ದ ಹುಚ್ಚವ್ವ ಎದುರಿಗೇ ಬಂದು, "ಅಣ್ಣಾರ, ನೀವೂ ಇಲ್ಲಿಗಿ ಬರೂದಾ?" ಎಂದಳು. ಅವನು ರುಮಾಲನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ.

ಐವತ್ತೈದು ವರ್ಷದ ಹೆಂಡತಿ ರಾಮವ್ವ ಆಡಿನ ಹಟ್ಟಿಯಲ್ಲಿ ಜಾರಿ ಬಿದ್ದಿದ್ದಳು. ಬಲಗಾಲು ಗಿಡ್ಡಾಗಿ ಪಾದ ಹೊರಕ್ಕೆ ಹೊರಳಿದ್ದನ್ನು ಕಂಡಾಗಲೇ ಅವನಿಗೆ ತಿಳಿದಿತ್ತು, ಇದು ತನ್ನ ಕೈಗೆ ಬಗ್ಗುವ ಮುರಿತವಲ್ಲ. ತಿಳಿದೂ ಕಟ್ಟಿದ. ಎಲುಬು ಕಟ್ಟುವವನೇ ಹೆಂಡತಿಯನ್ನು ದವಾಖಾನೆಗೆ ಹೊತ್ತರೆ ಊರು ನಗದೇ? ಮೊಟ್ಟೆ, ಉದ್ದಿನ ಹಿಟ್ಟು ಕಲಸಿ ಬಳಿದು ದಬ್ಬೆ ಬಿಗಿದ. ಹನ್ನೊಂದು ದಿನ ಅವಳು ಹಲ್ಲು ಕಚ್ಚಿ ಮಲಗಿದಳು. ಕಡೆಗೆ ಪಟ್ಟಿ ಬಿಚ್ಚಿ, ಕಟ್ಟಿದ ಗುರುತು ಉಳಿಯದಂತೆ ಅಂಟನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದು, ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ.

ಡಾಕ್ಟರ್ ಸಿದ್ದಾರೂಢರು ಎಕ್ಸರೇಯನ್ನು ಬೆಳಕಿಗೆ ಹಿಡಿದರು. ಅವರ ಕಣ್ಣುಗಳು ದಣಿದಿದ್ದವು.

"ತೊಡಿ ಎಲುಬಿನ ಕುತ್ತಿಗಿ ಮುರದು ಸರದೈತಿ. ದಾರಿ ಎರಡ ಅದಾವು. ಸ್ಕ್ರೂ ಹಾಕಿದ್ರ ಸ್ವಂತ ಎಲುಬು ಉಳೀತೈತಿ, ಅದು ಕೂಡಿಕೊಂಡ್ರ ಮೊದಲಿನಂಗ ನೆಲಕ್ಕ ಕುಂದ್ರಬಹುದು. ಆದ್ರ ಮುರಿತ ಹೊಸಾದಿರಬೇಕು. ದಿನ ಆಗಿದ್ರ ರಕ್ತ ನಿಂತು ಮ್ಯಾಲಿನ ಗುಂಡು ಸತ್ತಿರತೈತಿ, ಆರು ತಿಂಗಳಿಗಿ ಮತ್ತ ಕೊಯ್ಯಬೇಕಾಗತೈತಿ. ಇಲ್ಲಾಂದ್ರ ಆ ಗುಂಡು ತಗದು ಉಕ್ಕಿಂದು ಕೂಡಸೂದು. ಲಗೂನ ನಡೀತೀರಿ, ಆದ್ರ ನೆಲಕ್ಕ ಕೂಡಂಗಿಲ್ಲ. ಯಾವಾಗ ಬಿದ್ದೀರಿ, ತಾಯಿ?"

"ನಿನ್ನಿ ಸಂಜಿಕ್ರಿ," ಎಂದಳು ರಾಮವ್ವ ತಟ್ಟನೆ. "ಸ್ಕ್ರೂನ ಹಾಕ್ರಿ. ನೆಲಕ್ಕ ಕೂಡದ ನಾ ರೊಟ್ಟಿ ಹೆಂಗ ಬಡೀಲಿ?"

ಬಾಗಿಲಲ್ಲಿ ಹುಚ್ಚವ್ವ ಕಿವಿ ನಿಮಿರಿಸಿ ನಿಂತಿದ್ದಳು. ಡಾಕ್ಟರು ಸ್ಕ್ರೂ ಹಾಕಲೆಂದು ಚೀಟಿ ಬರೆಯತೊಡಗಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಸೋಮನಿಂಗನ ಅಪ್ಪ ಹೇಳುತ್ತಿದ್ದ. ಮಾನವೇನೋ ರಾಮವ್ವ ಉಳಿಸಿಕೊಟ್ಟಿದ್ದಳು. ಅದಕ್ಕಾಗಿ ಅವಳ ತೊಡೆಯನ್ನು ಎರಡು ಸಲ ಕೊಯ್ಯಬೇಕಾಗುತ್ತಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಕೆ ಬಂತು.

"ಸಾಹೇಬ್ರ, ಬರೀಬ್ಯಾಡ್ರಿ. ಬಿದ್ದು ಹನ್ನೊಂದು ದಿನ ಆತ್ರಿ. ನಾನ ಕಟ್ಟಿ ಇಟ್ಕೊಂಡಿದ್ದೆ."

ಡಾಕ್ಟರು ಬೈಯಲಿಲ್ಲ. ಇಂಥವರನ್ನು ಬೈದು ಬೈದು ಅವರಿಗೂ ಸಾಕಾಗಿತ್ತೇನೋ. ಬರೆದದ್ದನ್ನು ಹೊಡೆದುಹಾಕಿದರು. ರಾಮವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ರಾಮವ್ವನ ತೊಡೆಗೆ ಉಕ್ಕಿನ ಗುಂಡೇ ಬಂತು. ಸೋಮನಿಂಗ ಕಲ್ಲು ಮಣ್ಣು ಹೊತ್ತು ಸೊಂಟದೆತ್ತರಕ್ಕೆ ಒಲೆಕಟ್ಟೆ ಕಟ್ಟಿಕೊಟ್ಟ. ರಾಮವ್ವ ಈಗ ನಿಂತೇ ರೊಟ್ಟಿ ಬಡಿಯುತ್ತಾಳೆ. ಮೊದಲಿನಷ್ಟು ತೆಳ್ಳಗೆ ಬರುವುದಿಲ್ಲ. ಅವನು ಅದನ್ನೇ ಮುರಿದು ತಿನ್ನುತ್ತಾನೆ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಚಕ್ಕಡಿ ಬಂದು ನಿಂತಿತು. ಅದರಲ್ಲಿ ನರಳುತ್ತಿದ್ದ ಗಂಡಸಿನ ಪಾದ ಹೊರಕ್ಕೆ ಹೊರಳಿತ್ತು. ಸೋಮನಿಂಗ ಎದ್ದು ಹೋದ. ಅವನು ಬಾಯಿ ತೆರೆಯುವ ಮೊದಲೇ ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

"ಯಾವಾಗ ಬಿದ್ದಾನ?" ರಾಮವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ಇವತ್ತ ಮುಂಜಾನಿ, ಯವ್ವಾ," ಎಂದರು ಬಂದವರು.

"ಹಂಗಾರ ಕೆಳಗ ಇಳಸಬ್ಯಾಡ್ರಿ. ಸಿಂದಗಿಗಿ ಹೊಡೀರಿ. ಈಗ ಹೋದ್ರ ನೆಲಕ್ಕರೆ ಕೂತಾನು."

ಸೋಮನಿಂಗ ಎತ್ತಿನ ಹಗ್ಗ ಹಿಡಿದು, ಚಕ್ಕಡಿಯನ್ನು ತಾನೇ ಸಿಂದಗಿಯ ದಾರಿಗೆ ತಿರುಗಿಸಿಕೊಟ್ಟ.