ಮೂವತ್ತು ರೊಟ್ಟಿಯ ಕರೆವ್ವ

ಹೊತ್ತು ಮೂಡುವುದರೊಳಗೆ ಕರೆವ್ವ ಕೊಟ್ಟಿಗೆಯ ಹೆಂಡಿ ಬಳಿದು, ಎಮ್ಮೆ ಹಿಂಡಿ, ಅಂಗಳ ಗುಡಿಸಿ ನೀರು ಹೊಡೆದು, ನಳದ ಹತ್ತು ಕೊಡ ತುಂಬಿ, ಒಲೆ ಊದಿ ಮೂವತ್ತು ರೊಟ್ಟಿ ಬಡಿದು, ಗಂಡನಿಗೆ ಎರಡು ಸಲ ಚಹಾ ಕೊಟ್ಟಿರುತ್ತಿದ್ದಳು; ಒಮ್ಮೆ ಎಬ್ಬಿಸಲು, ಇನ್ನೊಮ್ಮೆ ಎದ್ದದ್ದಕ್ಕೆ. ಗಂಡ ತೊಟ್ಟು ಬಿಟ್ಟ ಕರಿ ಕೋಟನ್ನು ಸೀರೆಯ ಮೇಲೆ ಏರಿಸಿ, ತೋಳು ಮಡಚಿ, ಎಲ್ಲೋ ಜಗಳ ಬಿಡಿಸಲು ಹೊರಟವಳ ಹಾಗೆ ದಾಪುಗಾಲು ಹಾಕುವಳು. ಕೆಮ್ಮು ಬಂದರೆ ಕಂಬ ಹಿಡಿದು ನಿಂತು, ಕೆಮ್ಮಿ ಮುಗಿಸಿ, "ಹಾಂ, ಎಲ್ಲಿದ್ನಿ ನಾ?" ಎಂದು ಮುಂದುವರಿಯುವಳು.

ಮುನವಳ್ಳಿಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಆ ಕೆಮ್ಮು ಶ್ವಾಸಕೋಶದ ಕ್ಯಾನ್ಸರ್ ಎಂದೂ, ಬಹಳ ಮುಂದೆ ಹೋಗಿದೆ ಎಂದೂ ತಿಳಿದದ್ದು ೨೦೦೩ರಲ್ಲಿ. ಒಂದೇ ಔಷಧಿಗಿಂತ ಎರಡು ಕೂಡಿಸಿ ಕೊಟ್ಟರೆ ರೋಗಿಗಳು ಹೆಚ್ಚು ದಿನ ಬದುಕುತ್ತಾರೆಯೇ ಎಂದು ಬೆಳಗಾವಿಯ ದವಾಖಾನೆಯೊಂದರಲ್ಲಿ ಪರೀಕ್ಷೆ ನಡೆಯುತ್ತಿತ್ತು. ಯಾರಿಗೆ ಒಂದು, ಯಾರಿಗೆ ಎರಡು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತಿತ್ತು. ಎದ್ದು ಓಡಾಡಿ ಕೆಲಸ ಮಾಡುವಷ್ಟು ಶಕ್ತಿ ಉಳಿದವರಿಗೆ ಮಾತ್ರ ಜಾಗ. ಕಾಗದ ಓದಿ ಹೇಳಲು ನಾನೂ ಜೊತೆಗೆ ಹೋಗಿದ್ದೆ.

"ಇವರು ಏನ್ ಕೆಲಸ ಮಾಡ್ತಾರ್ರಿ?" ಲೇಡಿ ಡಾಕ್ಟರ್ ಕೇಳಿದರು.

"ಏನೂ ಇಲ್ರಿ. ಮನ್ಯಾಗ ಇರ್ತಾಳ," ಅಂದ ಗಂಡ ನಿಜಗುಣಪ್ಪ. ಸುಳ್ಳು ಹೇಳುವ ಮನುಷ್ಯನಲ್ಲ, ಹಾಗೆಯೇ ನಂಬಿದ್ದ.

ಕೆಮ್ಮಿ ಬಾಗಿದ್ದವಳನ್ನು ನೋಡಿ ಡಾಕ್ಟರು 'ಕೆಲಸ ಮಾಡಲಾರರು' ಎಂಬಲ್ಲಿ ಗುರುತು ಹಾಕಿದರು. ಜಾಗ ಕೈತಪ್ಪಿತು ಅಂದುಕೊಂಡೆ.

"ತಡೀರಿ ಬಾಯಾರ, ಇವತ್ತ ಮುಂಜಾನಿದ ಹೇಳ್ತೇನಿ," ಎಂದು ಕರೆವ್ವ ಹೆಂಡಿಯಿಂದ ಶುರುಮಾಡಿದಳು. ರೊಟ್ಟಿಯ ಹತ್ತಿರ ಕೆಮ್ಮು ಬಂತು. "ಹಾಂ, ಎಲ್ಲಿದ್ನಿ ನಾ?"

"ಮೂವತ್ತು ರೊಟ್ಟಿ," ಎಂದು ನೆನಪಿಸಿದವರು ಡಾಕ್ಟರೇ. ನಗುತ್ತ ಹಳೆಯ ಗುರುತು ಹೊಡೆದುಹಾಕಿದರು.

"ಎರಡೂ ಔಷಧ ಕೊಟ್ಟಬಿಡ್ರಿ. ಒಂದ ಎತ್ತಿನ ಮ್ಯಾಲ ಯಾರರ ಹೊಲಾ ಹೂಡ್ತಾರೇನು?" ಅಂದಳು ಕರೆವ್ವ.

"ಎರಡ ಎತ್ತಿನ್ಲೆ ಖರೇನ ಛಲೋ ಸಾಗ್ತೈತೋ ಇಲ್ಲೋ, ಅದನ್ನ ನೋಡಾಕ ಹತ್ತೇವಬೇ ಯವ್ವಾ."

ನಿಜಗುಣಪ್ಪ ಎದ್ದ. "ಮೂರ ವಾರಕ್ಕೊಮ್ಮಿ ಇಲ್ಲಿ ಬಂದ್ರ ಮನ್ಯಾಗ ಅಡಿಗಿ ಯಾರು ಮಾಡ್ಬೇಕ್ರಿ? ಅಣ್ಣಾರ್ನ ಕೇಳಿ ಹೇಳ್ತೇನಿ." ಫೋನ್ ಹುಡುಕಿಕೊಂಡು ಹೊರಗೆ ಹೋದ.

"ನೋಡ ತಂಗಿ," ಕರೆವ್ವ ನನಗೆ ತಿವಿದಳು, "ಈಗ ಅಡಿಗಿ ಕೆಲಸ ಆತು!"

ನಾನು ಒಪ್ಪಿಗೆ ಪತ್ರ ಓದಿದೆ: 'ಯಾವಾಗ ಬೇಕಾದರೂ, ಯಾರಿಗೂ ಕಾರಣ ಹೇಳದೆ, ನೀವು ಇದರಿಂದ ಹೊರಗೆ ಬರಬಹುದು.' ಅವಳು ಕಣ್ಣರಳಿಸಿದಳು. "ಇನ್ನೊಮ್ಮಿ ಓದ." ಓದಿದೆ. "ಲಗ್ನದಾಗ ನನಗ ಯಾರೂ ಹಿಂಗ ಬರಕೊಟ್ಟಿರ್ಲಿಲ್ಲ ನೋಡು!" ಡಾಕ್ಟರೂ ನರ್ಸೂ ಗೊಳ್ಳೆಂದು ನಕ್ಕರು.

ಇಂಥ ಹೆಂಗಸರು ನಮ್ಮ ಓಣಿ ಓಣಿಯಲ್ಲಿದ್ದಾರೆ. ದಿನವೆಲ್ಲ ಅವರಿಗೆ ಹೇಳುವವರೇ; ಒಮ್ಮೆ ಕೇಳಿ ನೋಡಿದರೆ, ಉತ್ತರ ಎಂದೋ ತಯಾರಾಗಿರುತ್ತದೆ.

ಬಾಗಿಲಾಚೆ ನಿಜಗುಣಪ್ಪ ಇನ್ನೂ "ಹಲೋ, ಹಲೋ" ಅನ್ನುತ್ತಿದ್ದ. ಕರೆವ್ವ ಕೋಟಿನ ತೋಳು ಮಡಚಿ, ಡಾಕ್ಟರ ಕೈಯಿಂದ ಪೆನ್ನು ಇಸಿದುಕೊಂಡು, ಮೂರನೆಯ ಇಯತ್ತೆಯಲ್ಲಿ ಕಲಿತ ದಪ್ಪ ದಪ್ಪ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು.