ಮಣಿ ಬೀಳದ ಹೆಣ

"ಹೆಣ ನಾರೋಕ್ಮುಂಚೆ ಹೂತಾಕೇ, ಕೊಳಕು ಮುಂಡೆ. ಮಣಿ ಹಾಕ್ದಿದ್ರೆ ಮಣ್ಣೇನು ಒಳಗ್ ಬಿಟ್ಕೊಳಲ್ವಾ?"

ಮೇಯರ್ ಹೆಂಡತಿ ದೋನ್ಯಾ ಲುಸಿಂಡಾ ತನ್ನ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತು, ಅಂಗಳದಲ್ಲಿ ನಿಂತ ಆಕುನಯ್‌ಳನ್ನು ನೋಡಿ ನಕ್ಕಳು. ಸರ ಅವಳ ಕೊರಳಲ್ಲೇ ಇತ್ತು. ಕೆಂಪು ಕಲ್ಲಿನ ಮಣಿಗಳು, ಆಕುನಯ್‌ಳ ಅವ್ವನವು, ಅವ್ವನ ಅವ್ವನವು. ಹಬ್ಬದ ಮೆರವಣಿಗೆಗೆಂದು ಇಸಕೊಂಡವಳು ವಾಪಸು ಕೊಟ್ಟಿರಲಿಲ್ಲ. ಹಬ್ಬಕ್ಕೆ ಮಣಿ ಕೇಳಿದವರಿಗೆ ಇಲ್ಲವೆನ್ನಬಾರದೆಂಬುದು ಆಕುನಯ್‌ಳ ಜನರ, ಗುಡ್ಡದವರ ರೀತಿ. ಹಾಳಾದ ಆ ರೀತಿಯೇ ಕೊರಳು ಕೊಯ್ದಿತ್ತು.

ಈಗ ಅವ್ವ ಟಕ್ಕಯ್ ಸತ್ತಿದ್ದಳು. ಅವಳ ಮನೆಯ ಮುಂದೆಯೇ ಹೆಣವನ್ನು ಸಾವಿನ ಕುರ್ಚಿಗೆ ಬಿಗಿದು ಕೂರಿಸಿ, ಪೈನ್ ಚಕ್ಕೆಯ ಹೊಗೆ ಹಾಕಿ ಕಾಯುತ್ತಿದ್ದರು. ಮನೆತನದ ಮಣಿ ಹೆಣದ ಕೊರಳಿಗೆ ಬೀಳಬೇಕು, ಹೂಳುವ ಮುಂಚೆ ತೆಗೆದು ಮಗಳು ಹಾಕಿಕೊಳ್ಳಬೇಕು. ಬೋಳು ಕೊರಳಲ್ಲಿ ಹೋದವಳನ್ನು ಸತ್ತ ಹಿರಿಯರು ತಮ್ಮವಳೆನ್ನುವುದಿಲ್ಲ. ಒಂದು ಗಳಿಗೆ ಕೊಡಿ, ನಾನೇ ವಾಪಸು ತಂದುಕೊಡುತ್ತೇನೆ ಎಂದು ಆಕುನಯ್ ಅಂಗಲಾಚಿದಳು. ಹೆಣಕ್ಕೆ ಮುಟ್ಟಿಸಿದ್ದನ್ನು ತಾನು ಹಾಕಿಕೊಳ್ಳಬೇಕೇ ಎಂದು ದೋನ್ಯಾ ಮುಖ ಸಿಂಡರಿಸಿದಳು. ಆ ಮಣಿ ಎಷ್ಟು ಹೆಣಗಳ ಎದೆಯ ಮೇಲಿಂದ ಎದ್ದು ಬಂದಿತ್ತೋ ಆ ಪುಣ್ಯಾತ್ಗಿತ್ತಿಗೆ ಗೊತ್ತಿರಲಿಲ್ಲ.

ಜೊತೆಗೆ ಬಂದು ಕೇಳಿ ಎಂದು ಆಕುನಯ್ ಊರ ಗಂಡಸರ ಕಾಲು ಹಿಡಿದಳು. ಮೇಯರ್ ಕೊಟ್ಟ ರಸ್ತೆ ಕೆಲಸ ಹೋದೀತೆಂದು ಎಲ್ಲರೂ ತಲೆ ತಗ್ಗಿಸಿದರು.

"ಥೂ, ನಿಮ್ ಗಂಡಸ್ತನಕ್ ಬೆಂಕಿ ಹಾಕ," ಎಂದು ಉಗಿದು, ಕುರ್ಚಿ ಸಮೇತ ಅವ್ವನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಗದ್ದೆಯ ಬದುವಿನ ಮೇಲೆ ಹೆಣದ ನೀರು ಸೊಂಟಕ್ಕಿಳಿಯಿತು. ಒರೆಸಿಕೊಳ್ಳಲಿಲ್ಲ. ಅವ್ವನದು ತಾನೇ.

ಜಗುಲಿಯಲ್ಲಿ ದೋನ್ಯಾಳ ನೆಂಟರು ಕಾಫಿ ಕುಡಿಯುತ್ತಿದ್ದರು. ಆಕುನಯ್ ಅವಳ ಎದುರಿಗೇ ಕುರ್ಚಿ ಇಳಿಸಿದಳು. ನೆಂಟರು ಮೂಗು ಮುಚ್ಚಿಕೊಂಡು ಒಳಕ್ಕೆ ಓಡಿದರು.

"ಮಣಿ ಬರ್ಲಿಲ್ಲ, ಅದ್ಕೆ ಅವ್ವನೇ ಬಂದವ್ಳೆ. ಹಾಕೇ."

ಇದನ್ನು ಎತ್ತಿ ಆಚೆ ಬಿಸಾಕಿ ಎಂದು ದೋನ್ಯಾ ಆಳುಗಳಿಗೆ ಕಿರುಚಿದಳು. ಆಳುಗಳೆಲ್ಲ ಗುಡ್ಡದವರು. ಮಣಿ ಬೀಳದ ಹೆಣವನ್ನು ಅದರ ಮನೆಯವರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಒಬ್ಬನೂ ಅಲುಗಲಿಲ್ಲ.

ದೋನ್ಯಾ ಎರಡೂ ಕೈಯಲ್ಲಿ ಸರ ಅವುಚಿಕೊಂಡಳು. ಮಣಿ ಬೀಳುವ ತನಕ ಏಳುವುದಿಲ್ಲವೆಂದು ಆಕುನಯ್ ನೆಲಕ್ಕೆ ಕೂತು ಸಾವಿನ ಹಾಡು ಎತ್ತಿಕೊಂಡಳು. ಅಡುಗೆಮನೆಯ ಹೆಂಗಸರು ಉಟ್ಟ ಬಟ್ಟೆಗೇ ಕೈ ಒರೆಸಿಕೊಳ್ಳುತ್ತ ಬಂದು ಅವಳ ಪಕ್ಕ ಕೂತು ದನಿಗೂಡಿಸಿದರು. ಬಿಸಿಲೇರಿತು. ಮುದುಕಿಯ ಬೋಳು ಕೊರಳಿನ ಮೇಲೆ ನೊಣ ಮುತ್ತತೊಡಗಿದವು.