ಎರಡೂಕಾಲು ಕಿಲೋ

ಹಾಸಿದ ಬಿಳಿ ಬಟ್ಟೆಯ ಮೇಲೆ ಕರ್ಪೂರದ ಪುಡಿ ಉದುರಿಸುತ್ತಿದ್ದ ಅಬಿದಾ, ಅಂಗಳದಿಂದ ಬಂದ ನಗು ಕೇಳಿ ಕೈ ತಡೆದಳು. ಅವಳ ಅಕ್ಕ ಜೈತುನಬಿಗೆ ಕೊನೆಯ ಸ್ನಾನ ಮಾಡಿಸಿ ಆಗಷ್ಟೇ ಮುಗಿದಿತ್ತು.

"ಸತ್ತವರ ಮನ್ಯಾಗ ಯಾರವಾ ಹಂಗ ನಗಾಕತ್ತಾರ?"

"ಅಮ್ಮನ ಸಾಲಿಯವ್ರು, ಖಾಲಾ," ಎಂದಳು ಸತ್ತವಳ ಒಬ್ಬಳೇ ಮಗಳು ಫಿರದೋಸ.

ಜೈತುನಬಿ ಸಿಂದಗಿಯ ಕಾನ್ವೆಂಟ್ ಶಾಲೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಅಂಗಳದ ಚಾಪೆಯ ಮೇಲೆ ಕೂತಿದ್ದವರೆಲ್ಲ ಅವಳ ಕೈಯಲ್ಲಿ ಬೆಳೆದ ಹುಡುಗಿಯರು. ಇಂಡಿಯಿಂದ ಮೊದಲ ಬಸ್ಸಿಗೇ ಬಂದ ವಿಜಯಲಕ್ಷ್ಮಿ ಈಗ ತಾನೂ ಒಬ್ಬ ಟೀಚರು. ಕಣ್ಣೊರೆಸಿಕೊಳ್ಳುತ್ತಲೇ ಅವಳು ಹೇಳುತ್ತಿದ್ದಳು. ಒಂದನೇ ಇಯತ್ತೆಯ ಮೊದಲ ದಿನ ಅಳುತ್ತ ಗೇಟು ಹತ್ತಿದ ಅವಳನ್ನು ಆಯಾ ಇಳಿಸಲು ಹೋಗಲಿಲ್ಲವಂತೆ. ಸೆರಗು ಕಟ್ಟಿ ತಾನೂ ಗೇಟು ಹತ್ತಲು ಶುರುಮಾಡಿದಳಂತೆ.

"'ನಡಿ, ಇಬ್ಬರೂ ಕೂಡೇ ಮನಿಗೆ ಹೋಗೂಣು. ನನಗೂ ಈ ಸಾಲಿ ಸಾಕಾಗೇತಿ' ಅಂದ್ಲು ನೋಡ್ರಿ. ನಾ ಹೆದರಿ ಒಳಗ ಓಡಿದೆ."

ಮತ್ತೆ ನಗು. ಅಬಿದಾ ಕೂಡ ನಗು ಮರೆಸಲು ಮುಖ ಆಚೆ ತಿರುಗಿಸಿಕೊಂಡಳು. ಫಿರದೋಸಳಿಗೆ ಮಾತ್ರ ನಗು ಬರಲಿಲ್ಲ. ಇಷ್ಟು ಮಂದಿಯ ಬಳಿ ತನಗೆ ಗೊತ್ತಿಲ್ಲದ ತಾಯಿ ಇದ್ದಾಳೆ ಅನ್ನಿಸಿತು.

ಮೂಲೆಯಲ್ಲಿ ಫಿರದೋಸಳ ಎಂಟು ವರ್ಷದ ಮಗಳು ಯಾಸ್ಮಿನ ನೀಲಿ ದುಪಟ್ಟಾ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮರುದಿನ ಕ್ರಿಸ್‌ಮಸ್. ಈ ದಿನವೇ ಸಂಜೆ ನಾಲ್ಕಕ್ಕೆ ಶಾಲೆಯ ನಾಟಕದಲ್ಲಿ ಅವಳೇ ಮೇರಿ. ಬೆಳಿಗ್ಗೆಯೇ ಫಿರದೋಸ ಮಗಳಿಗೆ ಹೋಗಕೂಡದು ಅಂದಿದ್ದಳು. ಜನ ಆಡಿಕೊಳ್ಳುತ್ತಾರೆ ಎಂದು ಅಬಿದಾ ದನಿಗೂಡಿಸಿದ್ದಳು. ಆದರೆ ಫಿರದೋಸಳ ಕಾರಣ ಜನರಲ್ಲ.

"ನಾ ಸಣ್ಣಾಕಿ ಇದ್ದಾಗಿಂದ ಅಮ್ಮ ಸಾಲಿಯಾಕಿ ಆಗಿದ್ಲು. ಇವತ್ತೊಂದ್ ದಿನ ನಮ್ಮಾಕಿ ಆಗಿರಲಿ," ಅಂದಿದ್ದಳು.

*

ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಫಿರದೋಸ ತಾಯಿಯ ಮುಂದೆ ನಿಂತು, ಶಾಲೆಯಲ್ಲಿ ನನ್ನನ್ನು ಮಗಳು ಅನ್ನಬೇಡ ಎಂದು ಕೇಳಿಕೊಂಡಿದ್ದಳು. ಜೋಡಿ ಕೂರುವ ಹುಡುಗಿ ಏನೋ ಅಂದಿದ್ದಳು, ಅಷ್ಟೇ. ಜೈತುನಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, ಆಯ್ತು ಅಂದಳು.

ಮಾತು ಉಳಿಸಿಕೊಂಡಳು ಕೂಡ. ಅದೇ ವರ್ಷ ಫಿರದೋಸ ಮೇರಿಯಾದಳು. ನಾಟಕದ ಬಾಲ ಯೇಸು ಅಂದರೆ ಜೈತುನಬಿ ಹಳೆಯ ಸೀರೆಯಲ್ಲಿ ಹೊಲಿದ ಗೊಂಬೆ. ಪ್ರತಿ ಡಿಸೆಂಬರಿನಲ್ಲಿ ಅದಕ್ಕೆ ಜೋಳ ತುಂಬುತ್ತಿದ್ದಳು, ನುಸಿ ಹಿಡಿಯುವ ಮೊದಲೇ ಜನವರಿಯಲ್ಲಿ ಬಿಚ್ಚಿ ಗುಬ್ಬಿಗಳಿಗೆ ಸುರಿಯುತ್ತಿದ್ದಳು. ಭಾರ ಆಗುತ್ತದೆ ಎಂದು ಫಿರದೋಸ ದೂರಿದಾಗ ಎಲ್ಲ ಮಕ್ಕಳಿಗೂ ಮಾಡುವಂತೆ ಅವಳ ಮೊಳಕೈ ತಿದ್ದಿ ಮುಂದೆ ಹೋದಳು. ನಾಟಕ ಮುಗಿದು ಎಲ್ಲರ ಅವ್ವಂದಿರೂ ವೇದಿಕೆಯತ್ತ ಓಡಿದರು. ಜೈತುನಬಿ ಕುರ್ಚಿ ಮಡಚುತ್ತಿದ್ದಳು.

ಬೇಡಿದ್ದನ್ನೇ ಕೊಟ್ಟ ತಾಯಿಯ ಮೇಲೆ ಸಿಟ್ಟಾಗುವುದು ಹೇಗೆ? ಫಿರದೋಸಳಿಗೆ ಇಪ್ಪತ್ತೈದು ವರ್ಷದಿಂದ ಅದು ತಿಳಿದಿರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು.

*

ಗಂಡಸರು ಜನಾಜಾ ಹೊತ್ತು ಮಸೀದಿಯ ಕಡೆ ಹೋದ ಮೇಲೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜೆಸಿಂತಾ ಒಳಗೆ ಬಂದು ಫಿರದೋಸಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾಟಕವನ್ನು ರಜೆ ಮುಗಿದ ಮೇಲೆ ಮಾಡುವುದೆಂದು ಹೇಳಿದರು. ಜೈತುನಬಿ ಹಾಸಿಗೆ ಹಿಡಿದಾಗ ಅಂಗಡಿಯಿಂದ ಪ್ಲಾಸ್ಟಿಕ್ ಗೊಂಬೆ ತಂದದ್ದು, ತಾಲೀಮಿನಲ್ಲಿ ಜೋಸೆಫ್ ಆದ ಹುಡುಗ ಅದನ್ನು ಒಂದು ಕಾಲು ಹಿಡಿದು ಎತ್ತಿಕೊಂಡು ಬಂದದ್ದು, ಯಾಸ್ಮಿನ ಅವನ ಬೆನ್ನಿಗೆ ಗುದ್ದಿದ್ದು, ಎಲ್ಲ ಹೇಳಿದರು. ಆಮೇಲೆ ಚೀಲದಿಂದ ಮಡಚಿದ ಬಟ್ಟೆಯ ಗೊಂಬೆ ತೆಗೆದರು. ಜೋಳವಿಲ್ಲದೆ ಅದು ಚಪ್ಪಟೆಯಾಗಿತ್ತು.

"ನಿಮ್ಮ ಮನಿ ಸೀರಿ ಇದು. ನಿನ್ನ ಹತ್ರ ಇರಲಿ."

ಫಿರದೋಸ ಅದನ್ನು ಮುಟ್ಟಲಿಲ್ಲ. "ಸಾಲ್ಯಾಗs ಇಟ್ಕೋರಿ ಸಿಸ್ಟರ್. ಅದು ನಿಮ್ಮ ಕೂಸು."

ಸಿಸ್ಟರ್ ಗೊಂಬೆಯನ್ನು ಅವಳ ಮುಂದೆ ನೆಲದ ಮೇಲಿಟ್ಟರು.

"ಪ್ರತಿ ವರ್ಷ ತಕ್ಕಡಿಯಾಗ ತೂಗೇ ತುಂಬತಿದ್ಲು. ಎರಡೂಕಾಲು ಕಿಲೋ. ಒಂದು ಮುಟಗಿ ಹೆಚ್ಚಾದ್ರ ತಗೀತಿದ್ಲು. ಇಷ್ಟ ಯಾಕ ಅಂತ ನಾ ಮೊದಲನೇ ವರ್ಷ ಕೇಳಿದ್ದೆ."

"ಏನಂದ್ಲರಿ?"

"'ನಮ್ಮ ಫಿರದೋಸ ಹುಟ್ಟಿದಾಗ ಇಷ್ಟ ಇದ್ಲರಿ' ಅಂದ್ಲು."

ಅಂಗಳದಲ್ಲಿ ಯಾರೋ ಚಹಾ ಹಂಚುತ್ತಿದ್ದರು. ಫಿರದೋಸ ಬಟ್ಟೆಯ ಗೊಂಬೆಯನ್ನು ಮಡಿಲಿಗೆ ಎಳೆದುಕೊಂಡಳು. ಅಷ್ಟೂ ವರ್ಷ, ಅಷ್ಟೂ ಮೇರಿಯರ ತೋಳಿನಲ್ಲಿ ತಾನು. ತನ್ನ ತೋಳಿನಲ್ಲೂ ತಾನೇ.

ಅವಳ ಅಳು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಎದ್ದಳು. ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಊಟ ನೆರೆಮನೆಗಳಿಂದಲೇ ಬರಬೇಕು. ಹಾಗಾಗಿ ಡಬ್ಬದ ಜೋಳಕ್ಕೆ ಬೇರೆ ಕೆಲಸವಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿದಳು.

"ಮಣ್ಣು ಕೊಟ್ಟ ದಿನಾನs ಏನಿದು?" ಎಂದಳು ಅಬಿದಾ.

"ನಾಟಕ ಇವತ್ತs ಆಗಲಿ ಖಾಲಾ. ಕ್ರಿಸ್‌ಮಸ್ ಯಾರಿಗೂ ನಿಲ್ಲೂದಿಲ್ಲ."

ಅಬಿದಾ ಗೊಣಗುತ್ತ ತಕ್ಕಡಿಯ ಮುಂದೆ ಕೂತಳು. ಮುಳ್ಳನ್ನು ದಿಟ್ಟಿಸಿ, "ಹೆಚ್ಚಾತು, ತಗಿ," ಅಂದಳು. ಮೇರಿ ಅಂದರೆ ಮರಿಯಮ್ ಬೀಬಿ, ನಮ್ಮವಳೂ ಹೌದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸೂಜಿಗೆ ದಾರ ಪೋಣಿಸಿದಳು.

*

ಸಿಸ್ಟರ್ ಮಕ್ಕಳಿಗೆಲ್ಲ ಮತ್ತೆ ಹೇಳಿ ಕಳಿಸಿ ಸೇರಿಸಿದರು, ನಾಟಕ ಅರ್ಧ ಗಂಟೆ ತಡವಾಗಿ ಶುರುವಾಯಿತು. ಫಿರದೋಸ ಹಿಂದೆ ಗೋಡೆಗೆ ಆತು ನಿಂತಳು, ಪಕ್ಕದಲ್ಲಿ ಅಬಿದಾ. ದೇವದೂತರು ಹಾಡು ಮುಗಿಸಿದ್ದರು. ಕುರುಬರು ಮಂಡಿಯೂರಿ ಕಾಯುತ್ತಿದ್ದರು. ಮೇರಿ ಕೂಸನ್ನು ಗೋದಲಿಯಲ್ಲಿ ಮಲಗಿಸಿದರೆ ಪರದೆ ಬೀಳಬೇಕು. ಆದರೆ ಯಾಸ್ಮಿನ ಮಲಗಿಸಲಿಲ್ಲ. ಪರದೆಯ ಮರೆಯಿಂದ ಸಿಸ್ಟರ್ ಕೆಳಗಿಡು ಎಂದು ಕೈಸನ್ನೆ ಮಾಡಿದರು. ಅವಳು ತಲೆಯಾಡಿಸಿ ಒಲ್ಲೆ ಅಂದಳು. ಜೋಸೆಫ್ ಎರಡೂ ಕೈ ಚಾಚಿದ. ಅವನಿಗೂ ಕೊಡಲಿಲ್ಲ. ಸಭೆಯಲ್ಲಿ ನಗು ಎದ್ದಿತು.

ಯಾಸ್ಮಿನ ಯಾರನ್ನೂ ನೋಡದೆ, ತೋಳು ಸೋತಿದ್ದಕ್ಕೆ ಕೂಸನ್ನು ಒಂದು ಸಲ ಮೇಲಕ್ಕೆ ಜಗ್ಗಿ ಟೊಂಕದ ಮೇಲೆ ಕೂರಿಸಿಕೊಂಡು, ಹಾಗೇ ನಿಂತಳು.